ಪೆನ್ಸಿಲಿನಲ್ಲಿ ಬರೆದ ಕಿಟಕಿ

ಮೊನ್ನೆ ಸ್ಟೋರ್ ರೂಮಿನ ಅಟ್ಟದಿಂದ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಸಿ ಮುಚ್ಚಳ ತೆಗೆದಾಗ ಘಾಟು ವಾಸನೆಯೊಂದು ಮೂಗಿಗೆ ಬಡಿಯಿತು. ಅಮೋನಿಯಾ ವಾಸನೆ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಮನೆಯ ಪ್ಲಾನಿನ ಪ್ರತಿ ತೆಗೆಸಿದರೆ ಕಾಗದ ವಾರಗಟ್ಟಲೆ ಹೀಗೇ ನಾರುತ್ತಿತ್ತು. ಇಷ್ಟು ವರ್ಷವಾದ ಮೇಲೂ ವಾಸನೆ ನಿಜವಾಗಿ ಉಳಿದಿತ್ತೋ, ಇಲ್ಲಾ ನನ್ನ ಮೂಗೇ ಅದನ್ನು ಜೋಪಾನ ಮಾಡಿಕೊಂಡಿತ್ತೋ... ಹೇಳಲಾರೆ.

ಆಸ್ತಿ ದಾಖಲೆಯನ್ನು ಕಂಪ್ಯೂಟರಿಗೇರಿಸುವ ಇ-ಖಾತೆಗೆಂದು ಮನೆಯ ಕಾಗದಪತ್ರಗಳನ್ನೆಲ್ಲ ಹುಡುಕುತ್ತಿದ್ದೆ. ನಮ್ಮ ರಸ್ತೆಯಲ್ಲಿ ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಹಾಲು ತರಲು ಹೋದರೂ “ನಿಮ್ದು ಆಯ್ತಾ?” ಎನ್ನುತ್ತಾರೆ. ಕ್ರಯಪತ್ರ, ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಇದ್ದರೆ ಮಂಜೂರಾದ ಪ್ಲಾನು. ‘ಇದ್ದರೆ’ ಎನ್ನುವ ಮಾತು ಕೇಳಿ ನನಗೆ ಒಳಗೊಳಗೇ ಜಂಬ. ರಸ್ತೆಯಲ್ಲಿ ಎಷ್ಟೋ ಮನೆಗಳಿಗೆ ಇಲ್ಲದ್ದು ನಮ್ಮ ಮನೆಗೆ ಇತ್ತು.

ಸ್ಟೋರ್ ರೂಮಿನ ನೆಲದ ಮೇಲೇ ಅದನ್ನು ಬಿಚ್ಚಿದೆ. ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಒಂದು ತುದಿಗೆ ಹಳೆಯ ಇಸ್ತ್ರಿಪೆಟ್ಟಿಗೆ, ಇನ್ನೊಂದು ತುದಿಗೆ ಕೆಟ್ಟುಹೋದ ಮಿಕ್ಸಿಯ ಜಾರು ಇಟ್ಟೆ. ಮಾಸಿದ ನೇರಳೆ ಗೆರೆಗಳು, ಮೂಲೆಯಲ್ಲಿ ಕಾರ್ಪೊರೇಷನ್ ಆಫೀಸಿನ ದುಂಡು ಸೀಲು, ಹಸಿರು ಶಾಯಿಯ ಸಹಿ. ಪಶ್ಚಿಮದ ಅಂಚಿನಲ್ಲಿ, ನಮ್ಮ ಸೈಟಿನ ಗಡಿಗೆರೆಯ ಮೇಲೆ, ಪೆನ್ಸಿಲಿನಲ್ಲಿ ಬರೆದ ಪುಟ್ಟ ಚೌಕ. ಅದರೊಳಗೆ ಕಂಬಿಯ ಹಾಗೆ ಮೂರು ಗೆರೆ.

ಆ ಚೌಕ ಬರೆದವಳು ನಾನೇ. ಅದು ಪಕ್ಕದ ಮನೆಯ ಕಾಜಾ ಆಂಟಿಯ ಕಿಟಕಿ.

ಕಾಮಾಕ್ಷಿಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರೂ ಅವರನ್ನು ಕಾಜಾ ಆಂಟಿ ಎಂದೇ ಕರೆಯುತ್ತಿದ್ದರು. ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಮಾಡುತ್ತಾರಲ್ಲ, ಆ ಸೀಳಿನ ಸುತ್ತ ಕೈಯಿಂದ ದಾರ ಕಟ್ಟುವುದು ಅವರ ಕೆಲಸ. ಮೆಷಿನ್ನಿನಲ್ಲಿ ಕಾಜಾ ಹಾಕುವುದು ಬಂದು ಎಷ್ಟೋ ಕಾಲವಾಗಿತ್ತು. ಆದರೂ ಮದುವೆಯ ಕೋಟು ಹೊಲಿಯುವ ಟೈಲರುಗಳು ಅವರ ಬಾಗಿಲಿಗೇ ಬರುತ್ತಿದ್ದರು. ಬಟ್ಟೆ ಹರಿದರೂ ಆಂಟಿಯ ಕಾಜಾ ಬಿಚ್ಚುವುದಿಲ್ಲ ಎಂಬ ಹೆಸರಿತ್ತು. ಅವರ ಯಜಮಾನರು ಬಿನ್ನಿಪೇಟೆಯ ಕಡೆ ಕೆಲಸಕ್ಕಿದ್ದವರು, ನಾನು ನೋಡುವ ಮೊದಲೇ ತೀರಿಕೊಂಡಿದ್ದರು. ಆಂಟಿಯ ಕೊರಳಲ್ಲಿ ಯಾವಾಗಲೂ ಟೈಲರಿನ ಅಳತೆ ಟೇಪು ಇಳಿಬಿದ್ದಿರುತ್ತಿತ್ತು. “ತಾಳಿ ಹೋಯ್ತು, ಟೇಪು ಉಳೀತು ಕಣಮ್ಮ,” ಎಂದು ತಾವೇ ನಗುತ್ತಿದ್ದರು. ಆ ಟೇಪಿನಿಂದ ಅವರು ಅಳೆಯಬೇಕಾದ್ದು ಹೆಚ್ಚೇನೂ ಇರಲಿಲ್ಲ. ಅದೊಂದು ಅಭ್ಯಾಸ.

ನಾವು ಸೈಟು ಕೊಂಡಾಗ ವಿಜಯನಗರದಲ್ಲಿ ಬಾಡಿಗೆಗಿದ್ದೆವು. ನಾನು ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ, ನಮ್ಮ ಯಜಮಾನರು ಕಾರ್ಖಾನೆಯಲ್ಲಿ. ಇಪ್ಪತ್ತು-ಮೂವತ್ತರ ಸೈಟು, ಹತ್ತು ವರ್ಷ ಖಾಲಿ ಬಿದ್ದಿತ್ತು. ತಿಂಗಳಿಗೊಂದು ಭಾನುವಾರ ಬಂದು ಸೈಟು ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದೆ. ಬೆಂಗಳೂರಿನಲ್ಲಿ ಸೈಟು ಕೊಂಡವರೆಲ್ಲ ಮಾಡುವ ತೀರ್ಥಯಾತ್ರೆ ಅದು. ಬಂದಾಗ ಆಂಟಿಯ ಮನೆಯಲ್ಲಿ ಒಂದು ಲೋಟ ನೀರು, ಆಮೇಲಾಮೇಲೆ ಕಾಫಿ, ಇನ್ನೂ ಆಮೇಲೆ ಊಟವೇ ಆಗತೊಡಗಿತು.

ಅವರದು ಎರಡು ಕೋಣೆಯ ಹಳೆಯ ಮನೆ. ಬಾಗಿಲ ಕಡೆ ಬಿಟ್ಟರೆ ಉಳಿದ ಮೂರು ಕಡೆಯಲ್ಲಿ ಎರಡು ಕಡೆಗೆ ಬೇರೆಯವರ ಗೋಡೆಗಳು ಒತ್ತಿಕೊಂಡಿದ್ದವು. ಮೂರನೆಯ ಕಡೆ, ನಮ್ಮ ಸೈಟಿನತ್ತ ತೆರೆದ ಒಂದೇ ಒಂದು ಕಿಟಕಿ. ಬೆಳಗಿನ ಬಿಸಿಲು ನಮ್ಮ ಖಾಲಿ ಸೈಟನ್ನು ದಾಟಿಕೊಂಡು ನೇರವಾಗಿ ಆ ಕಿಟಕಿಯಲ್ಲಿ ಇಳಿಯುತ್ತಿತ್ತು. ಆಂಟಿ ಅದರ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹನ್ನೊಂದು ಗಂಟೆಗೆ ಬಿಸಿಲು ಮೇಲೇರಿದ ಕೂಡಲೇ ಸೂಜಿಯನ್ನು ರವಿಕೆಯ ಭುಜಕ್ಕೆ ಚುಚ್ಚಿಕೊಂಡು ಎದ್ದುಬಿಡುತ್ತಿದ್ದರು. “ನಿನ್ನ ಸೈಟಿನ ಬೆಳಕಲ್ಲೇ ನನ್ನ ಮಗಳ ಮದುವೆ ಮಾಡಿದ್ದು ನಾನು,” ಎಂದು ಒಮ್ಮೆ ಹೇಳಿದರು. ನಾನು ನಕ್ಕೆ. ಸೈಟಿಗೆ ಗಡಿ ಇರುತ್ತದೆ, ಬೆಳಕಿಗೆಲ್ಲಿ ಎಂದು ಆಗ ನಾನೇ ದೊಡ್ಡ ಮಾತಾಡಿದ್ದೆ.

ಆ ಸೈಟು ಇವತ್ತು ನಮ್ಮದಾಗಿ ಉಳಿದಿದ್ದರೆ ಅದೂ ಅವರಿಂದಲೇ. ಒಂದು ದಿನ ಯಾರೋ ನಾಲ್ಕು ಜನ ಬಂದು ಕಲ್ಲುಕಂಬ ನೆಟ್ಟು ತಂತಿ ಎಳೆಯತೊಡಗಿದರಂತೆ. ಮೂಲೆಯಂಗಡಿಯಿಂದ ನಮ್ಮ ಶಾಲೆಗೆ ಫೋನು ಬಂತು. “ಬೇಗ ಬಾರಮ್ಮ, ನಿನ್ನ ಸೈಟಿಗೆ ಯಾರೋ ಬೇಲಿ ಹಾಕ್ತಾವ್ರೆ. ನಾನು ಬಿಡಾಕಿಲ್ಲ ಅಂತ ನಡುವೆ ನಿಂತಿವ್ನಿ.” ನಾವು ಕಾಗದಗಳನ್ನು ಹಿಡಿದು ಓಡಿಬಂದಾಗ ಆ ಜನ ಹೋಗಿಬಿಟ್ಟಿದ್ದರು. ಆಂಟಿ ಮಾತ್ರ ಬಿಸಿಲಲ್ಲಿ ಸೈಟಿನ ನಡುಮಧ್ಯೆ ನಿಂತೇ ಇದ್ದರು, ಭುಜದಲ್ಲಿ ದಾರ ಪೋಣಿಸಿದ ಸೂಜಿ. ಆವತ್ತು ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಮನೆ ಕಟ್ಟುವ ಕಾಲ ಬಂತು. ಬಸವೇಶ್ವರನಗರದಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ ಪ್ಲಾನ್ ಬರೆದುಕೊಡುವವರಿದ್ದರು. ಕೆಳಗೆ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ಕೊಡಲೇ, ಬೇರೆ ಕೊಡಲೇ ಎಂದು ಕೇಳುವಷ್ಟೇ ಸಲೀಸಾಗಿ ಅವರು ಹೇಳಿದರು: “ಎರಡು ಪ್ಲಾನ್ ಆಗುತ್ತೆ ಮೇಡಂ. ಒಂದು ಆಫೀಸ್‌ಗೆ, ಒಂದು ಮೇಸ್ತ್ರಿಗೆ.”

ಆಫೀಸಿನ ಪ್ಲಾನಿನಲ್ಲಿ ನಿಯಮದಂತೆ ಸುತ್ತಲೂ ಖಾಲಿ ಜಾಗ ಬಿಟ್ಟಿರಬೇಕು. ಅದಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಆಂಟಿಯ ಮನೆಯ ಕಡೆಗೆ ಮೂರಡಿ. ಅದಕ್ಕೆ ಸೀಲು ಬೀಳುತ್ತದೆ, ಸಹಿ ಬೀಳುತ್ತದೆ. ಆಮೇಲೆ ಅದನ್ನು ಸುತ್ತಿಟ್ಟು, ಮೇಸ್ತ್ರಿ ಇನ್ನೊಂದು ಪ್ಲಾನು ನೋಡಿಕೊಂಡು ಕಟ್ಟುತ್ತಾನೆ. “ಎಲ್ರೂ ಮಾಡೋದೇ ಹೀಗೆ. ಮುಂದೆ ಸಕ್ರಮ ಬಂದೇ ಬರುತ್ತೆ,” ಎಂದರು. ತಪ್ಪಾಗಿ ಕಟ್ಟಿದ್ದು ಒಂದು ದಿನ ಸರಿಯಾಗುತ್ತದೆ ಎಂಬ ಭರವಸೆಯ ಮೇಲೆ ನಿಂತಿರುವ ಊರು ನಮ್ಮದು. ನಾನೂ ತಲೆಯಾಡಿಸಿದೆ.

ನಮ್ಮ ಯಜಮಾನರಿಗೆ ಮನಸ್ಸಿರಲಿಲ್ಲ. “ಮೂರಡಿ ಬಿಟ್ಟುಬಿಡೋಣ ಕಣೇ. ಗಾಳಿ ಬೆಳಕು ನಮಗೂ ಬೇಕಲ್ವಾ?” ಎಂದರು. “ಗಾಳಿ ಬೆಳಕಿಗೆ ಟೆರೇಸ್ ಇದೆಯಲ್ಲ ರೀ,” ಎಂದೆ ನಾನು. ನನಗೆ ಸ್ಟೋರ್ ರೂಮು ಬೇಕಿತ್ತು. ಬಾಡಿಗೆ ಮನೆಗಳಲ್ಲಿ ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಚಾಪೆ, ಅಡುಗೆಮನೆಯ ಬಾಗಿಲ ಹಿಂದೆ ಅತ್ತೆಯ ತಾಮ್ರದ ಹಂಡೆ, ಹೀಗೆ ಬಾಳಿ ಬಾಳಿ ಸಾಕಾಗಿತ್ತು. ಸ್ವಂತ ಮನೆಯೆಂದರೆ ನನ್ನ ಪಾಲಿಗೆ ಸಾಮಾನುಗಳಿಗೆ ಸ್ವಂತ ಜಾಗ. ಆ ಆಸೆ ತಪ್ಪಲ್ಲ. ಅದನ್ನು ತೀರಿಸಿಕೊಂಡ ರೀತಿಗೆ ನನಗೆ ಇವತ್ತಿಗೂ ನಾಚಿಕೆ.

ಮೇಸ್ತ್ರಿಯ ಪ್ಲಾನಿಗೆ ಅಳತೆ ಗಟ್ಟಿ ಮಾಡುವ ಮುಂಚೆ ಆಯ ನೋಡಿಸಿದೆವು. ನಮ್ಮ ಕಡೆ ಆಯ ನೋಡದೆ ಯಾರು ಮನೆ ಕಟ್ಟುತ್ತಾರೆ? ಮನೆಯ ಉದ್ದಗಲವನ್ನು ಗುಣಿಸಿ, ಭಾಗಿಸಿ, ಉಳಿದ ಶೇಷದಿಂದ ಶುಭವೋ ಅಶುಭವೋ ಹೇಳುತ್ತಾರೆ. ಧ್ವಜಾಯ ಬಂದರೆ ಒಳ್ಳೆಯದು. ಚಂದ್ರಾ ಲೇಔಟಿನಿಂದ ಬಂದಿದ್ದ ಹಿರಿಯರು ಎರಡು ಅಳತೆ ಬರೆದುಕೊಟ್ಟರು. ಒಂದು, ಪಕ್ಕದಲ್ಲಿ ಜಾಗ ಬಿಟ್ಟು ಕಟ್ಟುವುದಕ್ಕೆ. ಇನ್ನೊಂದು, ಗಡಿಯವರೆಗೂ ಕಟ್ಟುವುದಕ್ಕೆ. “ಇದಕ್ಕೂ ಧ್ವಜಾಯ ಬರುತ್ತೆ, ಅದಕ್ಕೂ ಬರುತ್ತೆ. ನಿಮ್ಮಿಷ್ಟ ತಾಯಿ,” ಎಂದರು.

ನನ್ನ ಇಷ್ಟ ಏನಾಗಿತ್ತೆಂದು ಹೇಳಬೇಕಾಗಿಲ್ಲ.

ಇದೆಲ್ಲ ಆದ ಮೇಲೆಯೇ, ಮೊದಲಲ್ಲ, ನಾನು ಆಂಟಿಗೆ ಪ್ಲಾನು ತೋರಿಸಲು ಹೋದದ್ದು. ಈ ಕ್ರಮ ಮುಖ್ಯ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪಾಯದ ಕೆಲಸಕ್ಕೆ ಅವರ ಸಂಪಿನ ನೀರು ಬೇಕಿತ್ತು, ಜಲ್ಲಿ ಮರಳು ಹಾಕಿಸಲು ಅವರ ಬಾಗಿಲ ಮುಂದಿನ ಜಾಗ ಬೇಕಿತ್ತು. ಅವರನ್ನು ಸಮಾಧಾನವಾಗಿ ಇಟ್ಟುಕೊಳ್ಳಿ ಎಂದು ಪ್ಲಾನಿನವರೂ ಹೇಳಿದ್ದರು. ಆ ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ಎರಡೂ ಪ್ಲಾನುಗಳಿದ್ದವು. ಸೀಲಿದ್ದದ್ದನ್ನು ಮಾತ್ರ ಹೊರಗೆ ತೆಗೆದೆ.

ಆಂಟಿ ಕೈ ಒರೆಸಿಕೊಂಡು ಬಂದು, ಕಿಟಕಿಯ ಬೆಳಕಿನಲ್ಲಿ ಅದನ್ನು ಹರಡಿಸಿದರು. ಮೂಗು ಸಿಂಡರಿಸಿ, “ಏನ್ ನಾತ ಕಣಮ್ಮ ಇದು,” ಎಂದರು. ಆಮೇಲೆ ಬಹಳ ಹೊತ್ತು ನೋಡಿದರು. ಬಟ್ಟೆ ಕತ್ತರಿಸುವ ಮೊದಲು ಸೀಮೆಸುಣ್ಣದ ಗುರುತು ನೋಡುವವರ ಹಾಗೆ ಬೆರಳಿಟ್ಟು ನೋಡಿದರು. “ಇದು ನಿನ್ನ ಗೋಡೆ. ಇದು ನನ್ನ ಗೋಡೆ. ನಡುವೆ ಈ ಖಾಲಿ?”

“ಮೂರಡಿ ಆಂಟಿ.”

ಕೊರಳಿನ ಟೇಪು ತೆಗೆದು, ನೆಲದ ಮೇಲೆ ಮೂರಡಿ ಅಳೆದು, ಎರಡೂ ತುದಿಗೆ ಒಂದೊಂದು ನೂಲುಂಡೆ ಇಟ್ಟು, ದೂರ ಸರಿದು ನಿಂತು ನೋಡಿದರು. “ಸಾಕು. ಮೇಲಿಂದ ಬೆಳಕು ಇಳೀತದೆ,” ಎಂದರು. ಅವರ ಮುಖ ಹಗುರಾಯಿತು. ಆಮೇಲೆ ಮತ್ತೆ ಪ್ಲಾನಿನ ಮೇಲೆ ಬಾಗಿ, “ನನ್ನ ಕಿಟಕಿ ಎಲ್ಲಿ ಇದರಲ್ಲಿ?” ಎಂದು ಕೇಳಿದರು.

ಇದು ನಮ್ಮ ಮನೆಯ ಪ್ಲಾನು, ನಿಮ್ಮ ಕಿಟಕಿ ಇದರಲ್ಲಿ ಬರುವುದಿಲ್ಲ ಎಂದೆ. ಅವರಿಗೆ ಅದು ಸರಿ ಕಾಣಲಿಲ್ಲ. “ಹಂಗಂದ್ರೆ ಹೆಂಗೆ? ಆಫೀಸಿನೋರಿಗೆ ಇಲ್ಲೊಂದು ಕಿಟಕಿ ಅದೆ ಅಂತ ಗೊತ್ತಾಗಬೇಕಲ್ವಾ?” ಎಂದು ಬಟ್ಟೆಯ ಮೇಲೆ ಗುರುತು ಹಾಕುವ ತಮ್ಮ ಪೆನ್ಸಿಲನ್ನು ನನ್ನ ಕೈಗಿಟ್ಟರು. ನಾನು ಬರೆದೆ. ಗಡಿಗೆರೆಯ ಮೇಲೆ ಒಂದು ಚೌಕ. ಅವರು ಹೇಳಿದರೆಂದು ಮೂರು ಕಂಬಿಗಳನ್ನೂ ಎಳೆದೆ. ಬ್ಯಾಗಿನಲ್ಲಿದ್ದ ಇನ್ನೊಂದು ಪ್ಲಾನಿನಲ್ಲಿ ಅದೇ ಜಾಗದಲ್ಲಿ ದಪ್ಪ ಗೋಡೆ ಇತ್ತು. ಆದರೂ ಚೌಕ ಚೆನ್ನಾಗಿಯೇ ಬಂತು.

ಪಾಯ ತೋಡುವಾಗ ಎಲ್ಲ ಗೋಜಲು, ಯಾರಿಗೂ ಏನೂ ತಿಳಿಯಲಿಲ್ಲ. ಗೋಡೆ ಸೊಂಟದೆತ್ತರ ಬಂದಾಗ ಆಂಟಿಗೆ ತಿಳಿಯಿತು. ಒಂದು ಮಧ್ಯಾಹ್ನ ಮರಳಿನ ರಾಶಿ ಬಳಸಿಕೊಂಡು ಬಂದು ನನ್ನ ಹತ್ತಿರ ನಿಂತರು. ಜಗಳಕ್ಕೆ ಬಂದವರಂತೆ ಇರಲಿಲ್ಲ, ಎಲ್ಲೋ ತಪ್ಪಾಗಿದೆ ಎಂದು ತಿಳಿಸಲು ಬಂದವರಂತಿದ್ದರು.

“ಮೇಸ್ತ್ರಿ ಅಳತೆ ತಪ್ಪಿದಾನೆ ಕಣಮ್ಮ. ಆ ಕಾಗದದಲ್ಲಿ ಜಾಗ ಇತ್ತಲ್ಲ.”

“ಅದು ಆಫೀಸಿನ ಪ್ಲಾನು ಆಂಟಿ,” ಎಂದೆ.

“ಅದರಲ್ಲಿ ಸೀಲು ಇತ್ತಲ್ಲಮ್ಮ.”

ನನಗೆ ಸಿಟ್ಟು ಬಂತು. ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದೇ ಸಿಟ್ಟು, ಚಿಕ್ಕಂದಿನಿಂದಲೂ ಹಾಗೇ. ನಿಮ್ಮ ಕಿಟಕಿಯನ್ನು ನಮ್ಮ ಗಡಿಯ ಮೇಲೆ ಇಟ್ಟಿದ್ದು ಯಾವ ನಿಯಮದಲ್ಲಿದೆ ಎಂದು ಕೇಳಿಬಿಡಬೇಕೆನ್ನಿಸಿತು. ಕೇಳಿದ್ದರೆ ಅದು ಒರಟು ಮಾತಾದರೂ ಸುಳ್ಳಾಗುತ್ತಿರಲಿಲ್ಲ. ಆದರೆ ಅವರ ಸಂಪಿನ ಪೈಪು ಇನ್ನೂ ನಮ್ಮ ಡ್ರಮ್ಮಿನಲ್ಲೇ ಇತ್ತು. ನನ್ನ ಬಾಯಿಂದ ಬೇರೊಂದು ಮಾತು ಬಂತು.

“ಆಯ ಕೂಡಿ ಬರ್ಲಿಲ್ಲ ಆಂಟಿ. ಜಾಗ ಬಿಟ್ರೆ ಆಯ ಬರಲ್ಲ ಅಂದುಬಿಟ್ರು. ನಾವೇನ್ ಮಾಡೋಕಾಗುತ್ತೆ?”

ಈ ಮಾತು ಅವರನ್ನು ಎಲ್ಲಿ ತಟ್ಟುತ್ತದೆಂದು ನನಗೆ ಗೊತ್ತಿತ್ತು. ಎಷ್ಟೋ ಭಾನುವಾರಗಳ ಹಿಂದೆ ಅನ್ನ ಬಡಿಸುತ್ತ ಅವರೇ ಹೇಳಿದ್ದರು: “ನಾವು ಅವಸರಕ್ಕೆ ಕಟ್ಟಿಬಿಟ್ವಿ ಕಣಮ್ಮ, ಆಯ ನೋಡಿಸಲಿಲ್ಲ. ಮನೆ ಹೊಕ್ಕು ವರ್ಷ ತುಂಬಲಿಲ್ಲ, ಅವರು ಹೋದ್ರು.” ಗಂಡನ ಸಾವಿಗೆ ಅವರ ಮನಸ್ಸಿನಲ್ಲಿದ್ದ ಕಾರಣ ಅದೊಂದೇ. ಅವರ ಮನೆಯ ಅನ್ನ ಉಂಡು ಕೇಳಿಸಿಕೊಂಡ ಮಾತನ್ನು ನಾನು ಅವರ ಕಿಟಕಿ ಮುಚ್ಚಲು ಬಳಸಿಕೊಂಡೆ.

ಆಂಟಿ ಗೋಡೆಯ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಕೈ ಮುಟ್ಟಿ, “ಮೊದ್ಲೇ ಹೇಳಬಾರ್ದಿತ್ತಾ, ನಾನು ಬೇರೇನೋ ಅಂದ್ಕೊಂಡೆ,” ಎಂದರು. ಮತ್ತೆ ಮರಳಿನ ರಾಶಿ ಬಳಸಿಕೊಂಡು ಹೋದರು. ಆ ಸಂಜೆ ಹೊಸ ಗೋಡೆ ನೆನೆಸುವ ಕ್ಯೂರಿಂಗಿಗೆ ಎಂದಿನಂತೆ ಅವರ ಸಂಪಿನ ನೀರೇ ಬಂತು.

ಗೋಡೆ ಅವರ ಕಿಟಕಿಯನ್ನು ದಾಟಿ ಮೇಲೇರಿದ ವಾರ, ಯಾರೋ ಆಫೀಸಿಗೆ ಅರ್ಜಿ ಕೊಟ್ಟಿದ್ದಾರೆಂದು ಸುದ್ದಿ ಬಂತು. ಯಾರೆಂದು ನನಗೆ ಇಂದಿಗೂ ತಿಳಿಯದು. ಆಗ ಮಾತ್ರ ನನಗೆ ಒಂದು ಗಳಿಗೆಯೂ ಅನುಮಾನವಿರಲಿಲ್ಲ: ಇದು ಆಂಟಿಯದೇ ಕೆಲಸ, ಎದುರಿಗೆ ಕೈ ಮುಟ್ಟಿ ಮಾತಾಡಿ ಹಿಂದೆ ಹೋಗಿ ಅರ್ಜಿ ಕೊಟ್ಟಿದ್ದಾರೆ. ತಾ ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ನಾನೇ ಅದಕ್ಕೆ ಸಾಕ್ಷಿ. ನಾಲ್ಕು ದಿನ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಂಗಡಿಯಲ್ಲಿ ನಿಂತು, ಪಾಪ ಅಂತ ಸಲಿಗೆ ಕೊಟ್ಟರೆ ಹೀಗೇ ಆಗೋದು ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದೆ. ಅಂಗಡಿಯವರು ಅದನ್ನು ಅವರಿಗೆ ತಲುಪಿಸಿರಲೇಬೇಕು.

ಐದನೆಯ ದಿನ ಆಫೀಸಿನ ಎಂಜಿನಿಯರು ಬಂದರು. ಇನ್ನೂ ಚಿಕ್ಕ ವಯಸ್ಸು, ಬಿಸಿಲಿಗೆ ಫೈಲನ್ನೇ ತಲೆಯ ಮೇಲೆ ಹಿಡಿದುಕೊಂಡಿದ್ದರು. ನಾನು ಸೀಲಿನ ಪ್ಲಾನು ಕೊಟ್ಟೆ. ಅವರು ಅದನ್ನು ನೋಡಿದರು, ಗೋಡೆ ನೋಡಿದರು. ಎರಡು ಮನೆಗಳ ನಡುವೆ ಕೈ ತೂರಿಸಲೂ ಜಾಗವಿಲ್ಲದ್ದರಿಂದ ಟೇಪು ಬಿಚ್ಚುವ ಶ್ರಮ ಅವರಿಗೆ ಬರಲಿಲ್ಲ. ಪೆನ್ಸಿಲಿನ ಚೌಕದ ಮೇಲೆ ಬೆರಳಿಟ್ಟು, “ಇದೇನು ಮೇಡಂ?” ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಆಂಟಿ ತಮ್ಮ ಬಾಗಿಲಿನಿಂದ ಬಂದು, “ನನ್ನ ಕಿಟಕಿ ಸಾಮಿ,” ಎಂದರು.

ಎಂಜಿನಿಯರು ಅವರ ಮನೆಯೊಳಗೆ ಹೋಗಿ ನೋಡಿಕೊಂಡು ಬಂದರು. ಹೊರಗೆ ಬಂದು ನನ್ನೆದುರಿಗೇ ಹೇಳಿದರು: “ನೋಡಮ್ಮ, ನಿಮ್ಮ ಮನೆಗೆ ಇದೊಂದೇ ಕಿಟಕಿ. ಪೂರ್ತಿ ಮುಚ್ಚಿಹೋಗಿದೆ. ನೀವು ಆಕ್ಷೇಪಣೆ ಇದೆ ಅಂತ ಬರ್ಕೊಡಿ, ಇವತ್ತೇ ಕೆಲಸ ನಿಲ್ಲಿಸ್ತೀನಿ. ಈ ಗೋಡೆ ಒಳಗೆ ಸರಿಸ್ಬೇಕಾಗುತ್ತೆ. ನೀವು ಬರ್ಕೊಡ್ಲಿಲ್ಲ ಅಂದ್ರೆ ನಾನೊಂದು ನೋಟಿಸ್ ಕೊಟ್ಟು ಹೋಗ್ಬೇಕು ಅಷ್ಟೇ. ಅದಕ್ಕೆ ಇವರು ಏನೋ ಒಂದು ಉತ್ತರ ಕೊಡ್ತಾರೆ.”

ನನಗೆ ಮನೆ ನಿಂತುಹೋದರೆ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ, ಮೂಲೆಯಂಗಡಿಯ ಮಾತು ಅವರ ಕಿವಿಗೆ ಬಿದ್ದಿದೆ, ಈಗ ತೀರಿಸಿಕೊಳ್ಳುತ್ತಾರೆ ಎಂಬ ಭಯ. ಅವರ ಜಾಗದಲ್ಲಿ ನಾನಿದ್ದರೆ ಬಿಡುತ್ತಿರಲಿಲ್ಲ.

ಆಂಟಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದರು: “ಆಕ್ಷೇಪಣೆ ಏನಿಲ್ಲ ಸಾಮಿ. ಜಾಗ ಬಿಟ್ರೆ ಆಯ ಕೂಡಿ ಬರ್ತಿರಲಿಲ್ಲವಂತೆ. ಆಯ ಇಲ್ದಿದ್ ಮನೇಲಿ ಹೆಂಗೆ ಬಾಳ್ತಾರೆ? ನಾನು ಬಾಳಿವ್ನಿ, ನನಗ್ಗೊತ್ತು. ಇವ್ರ ಮನೇಲಿ ಯಜಮಾನ್ರವ್ರೆ, ಮಕ್ಕಳವ್ರೆ.”

ಎಂಜಿನಿಯರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿತ್ತು ಎನ್ನಿಸುತ್ತದೆ. ದಿನಕ್ಕೆ ಹತ್ತು ಗೋಡೆ ನೋಡುವವರಿಗೆ ಆಯ ಎಷ್ಟು ಬೇಕಾದರೂ ಬಗ್ಗುತ್ತದೆಂದು ಗೊತ್ತಿರುವುದಿಲ್ಲವೇ? ನಾನು ಸಿಮೆಂಟ್ ಮೂಟೆಗಳ ಕಡೆ ನೋಡುತ್ತ ನಿಂತೆ. ಒಂದೇ ಒಂದು ಮಾತು ಸಾಕಿತ್ತು, ಇಲ್ಲ ಆಂಟಿ, ಜಾಗ ಬಿಟ್ಟರೂ ಆಯ ಬರುತ್ತಿತ್ತು ಎಂದು. ಗೋಡೆ ಇನ್ನೂ ಹಸಿಯಾಗಿತ್ತು. ಕೆಡವಿ ಸರಿಸಿದ್ದರೆ ಎಂಟು ಹತ್ತು ದಿನದ ಕೆಲಸ. ಎಂಜಿನಿಯರು ‘ಪಕ್ಕದವರ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಂಡರು. ಆಂಟಿ ಅದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ನೋಟಿಸು ಬಂತು, ಪ್ಲಾನಿನವರು ಏನೋ ಒಂದು ಉತ್ತರ ಬರೆದುಕೊಟ್ಟರು. ಆಮೇಲೆ ಯಾರೂ ಕೇಳಲಿಲ್ಲ.

ಗೃಹಪ್ರವೇಶಕ್ಕೆ ಆಂಟಿ ಒಗೆದ ಸೀರೆಯುಟ್ಟು ಬಂದರು. ಕೊರಳಲ್ಲಿ ಟೇಪು ಇರಲಿಲ್ಲ. ಊಟ ಮಾಡಿ, ಕೈ ತೊಳೆದು, “ನನ್ನ ಕಿಟಕಿ ಇಲ್ಲಿ ಎಲ್ಲಿಗೆ ಬರ್ತದಮ್ಮ? ಈ ಕಡೆಯಿಂದ ಒಂದ್ಸಲ ನೋಡಬೇಕು,” ಎಂದರು. ಸ್ಟೋರ್ ರೂಮಿಗೆ ಕರೆದುಕೊಂಡು ಹೋದೆ. ಹಸಿ ಸುಣ್ಣದ ಗೋಡೆಯ ಮೇಲೆ ಅಂಗೈ ಆಡಿಸಿ, ಒಂದು ಕಡೆ ನಿಲ್ಲಿಸಿ, “ಇಲ್ಲೇ,” ಎಂದರು. “ಏನಿಡ್ತೀಯ ಇಲ್ಲಿ?”

“ಹಳೇ ಸಾಮಾನು ಆಂಟಿ.”

“ಹೂಂ. ಅದಕ್ಕೂ ಒಂದು ಜಾಗ ಬೇಕಲ್ವಾ,” ಎಂದರು. ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ನನಗೆ ಒಳ್ಳೆಯದಿತ್ತು.

ಮುಂದಿನದನ್ನು ನಾನು ಗೋಡೆಯ ಈಚೆಯಿಂದ ನೋಡಿದೆ. ಮೊದಲು ಅವರು ಹಗಲಲ್ಲೂ ಬಲ್ಬು ಹಾಕಿಕೊಂಡು ಕೂತರು. “ಕರೀ ಕೋಟಿನ ಮೇಲೆ ಕರೀ ದಾರ ಬಲ್ಬಿಗೆ ಕಾಣಾಕಿಲ್ಲ ಕಣಮ್ಮ,” ಎಂದರು. ಆಮೇಲೆ ಬಾಗಿಲ ಹೊಸ್ತಿಲಿಗೆ ಮಣೆ ತಂದುಕೊಂಡರು. ಅಲ್ಲಿ ಗಾಡಿಗಳ ಧೂಳು. ಯಾರದೋ ಮದುವೆಯ ಕೆನೆಬಣ್ಣದ ಶೇರ್ವಾನಿಗೆ ಕಲೆಯಾಯಿತೆಂದು ಟೈಲರು ಕೂಗಾಡಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಕಾಜಾ ಸೊಟ್ಟಗಾಗುತ್ತಿದೆ ಎಂದು ಟೈಲರುಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಂದು ವರ್ಷದೊಳಗೆ ಆಂಟಿ ಹಿಂದಿನ ರಸ್ತೆಯ ಗಾರ್ಮೆಂಟ್ಸಿಗೆ ಸೇರಿದರು. ಹೊಲಿಯುವುದಕ್ಕಲ್ಲ, ಟ್ಯೂಬ್‌ಲೈಟಿನ ಕೆಳಗೆ ದಿನವಿಡೀ ನಿಂತು ಅಂಗಿಗಳ ಹೆಚ್ಚುವರಿ ನೂಲು ಕತ್ತರಿಸುವುದಕ್ಕೆ. ಬೆಳಿಗ್ಗೆ ಎಂಟಕ್ಕೆ ಊಟದ ಡಬ್ಬಿ ಹಿಡಿದು ನಮ್ಮ ಗೇಟಿನ ಮುಂದೆ ಹಾದುಹೋಗುತ್ತಿದ್ದರು. ಅವರು ಹೋದ ಮೇಲೆಯೇ ನಾನು ಬಾಗಿಲಿಗೆ ನೀರು ಹಾಕುವ ಅಭ್ಯಾಸ ಮಾಡಿಕೊಂಡೆ.

ಕಣ್ಣು ಪೂರಾ ಮಂಜಾದ ಮೇಲೆ ಮಗಳು ಕೆಂಗೇರಿಗೆ ಕರೆದುಕೊಂಡು ಹೋಗಲು ಬಂದಳು. ಆಟೋಗೆ ಸಾಮಾನು ಹೇರುವಾಗ ಆಂಟಿ ನಮ್ಮ ಗೇಟಿಗೆ ಬಂದರು. “ಬರ್ತೀನಿ ಕಣಮ್ಮ. ಮನೆ ಕಡೆ ಒಂದು ಕಣ್ಣಿಟ್ಟಿರು. ಯಾರಾದ್ರೂ ಬೇಲಿಗೀಲಿ ಹಾಕಿಬಿಟ್ಟಾರು,” ಎಂದು ನಕ್ಕರು.

“ಆಂಟಿ, ಆವತ್ತು ಆ ಆಯದ ವಿಷಯ...” ಎಂದೆ.

“ಏನಮ್ಮ?”

“ಏನಿಲ್ಲ. ಹುಷಾರಾಗಿ ಹೋಗ್ಬನ್ನಿ.”

ಹೋಗಿ ನೋಡಬೇಕು, ಹೇಳಿಬಿಡಬೇಕು ಎಂದುಕೊಂಡೇ ವರ್ಷಗಳು ಉರುಳಿದವು. ಕೆಂಗೇರಿ ದೂರ ಎನ್ನುವ ನೆಪವಿತ್ತು. ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ ಬಂದ ಮೇಲೆ ಆ ನೆಪವೂ ಹೋಯಿತು, ಆದರೂ ನಾನು ಹೋಗಲಿಲ್ಲ. ಒಂದು ದಿನ ರವಿಕೆ ಕೊಡಲು ಹೋದಾಗ ಟೈಲರು ಗುಂಡಿಯ ಡಬ್ಬಿ ತಡಕುತ್ತ, “ಕಾಜಾ ಆಂಟಿ ಹೋದ ವರ್ಷವೇ ತೀರಿಕೊಂಡ್ರಂತಲ್ಲ ಮೇಡಂ, ನಿಮಗೆ ಗೊತ್ತಿರಬೇಕು, ಪಕ್ಕದ ಮನೆಯೋರಲ್ವಾ,” ಎಂದರು. ಗೊತ್ತಿರಲಿಲ್ಲ. ಮಗಳು ಆ ಮನೆ ಮಾರಿದಳು. ಕೊಂಡವರು ಕೆಡವಿ ಮೂರು ಅಂತಸ್ತು ಎಬ್ಬಿಸಿದರು. ಅವರೂ ಗಡಿಯವರೆಗೇ ಕಟ್ಟಿದರು, ನಮ್ಮನ್ನು ಏನೂ ಕೇಳಲಿಲ್ಲ.

ಈ ಪ್ಲಾನು ಮಾತ್ರ ಉಳಿದಿದೆ. ಮೊನ್ನೆ ಅದರ ಮುಂದೆ ಮೊಣಕಾಲೂರಿ ಕೂತಾಗ ಹೊಳೆಯಿತು, ನಾನು ಕೂತಿದ್ದ ಜಾಗವೇ ಆ ಕಾಗದದಲ್ಲಿ ಖಾಲಿ. ಅಲ್ಲಿ ಸ್ಟೋರ್ ರೂಮು ಇಲ್ಲ, ಹಂಡೆ ಇಲ್ಲ, ಇಸ್ತ್ರಿಪೆಟ್ಟಿಗೆ ಇಲ್ಲ. ಆಫೀಸಿನ ದಾಖಲೆಯಲ್ಲಿ ಅದು ಇವತ್ತಿಗೂ ಬಯಲು. ಹಂಡೆ ತುಂಬ ಹಳೆಯ ಪತ್ರಿಕೆಗಳಿವೆ, ಯಾಕೆ ಇಟ್ಟಿದ್ದೇನೆಂದು ನನಗೇ ಗೊತ್ತಿಲ್ಲ.

ಮರುದಿನ ಕೊಳವೆ ಹಿಡಿದುಕೊಂಡು ಮುಖ್ಯರಸ್ತೆಯ ಕಂಪ್ಯೂಟರ್ ಸೆಂಟರಿಗೆ ಹೋದೆ. ಅಲ್ಲಿ ಕೆಲಸ ಮಾಡುವ ಹುಡುಗಿ ಗದಗದ ಕಡೆಯವಳು, ಈಚೆಗೆ ಬಂದವಳು, ಚುರುಕು. ಪ್ಲಾನನ್ನು ಸ್ಕ್ಯಾನರಿನ ಮೇಲೆ ಹಾಸಿ, ಅಂಚು ಸರಿಮಾಡಿ, ತಟ್ಟನೆ ನಿಲ್ಲಿಸಿದಳು.

“ಇಲ್ಲೇನೋ ಪೆನ್ಸಿಲ್ ಗೀಟ್ ಐತಲ್ರಿ ಮೇಡಂ. ಏನ್ರಿ ಇದು?”

ನಾನು ಕೈಯಲ್ಲಿದ್ದ ಕೊಳವೆಯ ಮುಚ್ಚಳ ತಿರುಗಿಸುತ್ತಿದ್ದೆ.

“ಮಂಜೂರಾದ್ ಪ್ಲಾನ್ ಮ್ಯಾಲೆ ಏನರೆ ಬರದಿದ್ರ ಒಮ್ಮೊಮ್ಮೆ ರಿಜೆಕ್ಟ್ ಮಾಡ್ತಾರ್ರಿ. ಮತ್ತ ಅಡ್ಡಾಡಬೇಕಾಕ್ಕೈತಿ. ಅಳಸ್ಲೇನ್ರಿ?”

ರಾತ್ರಿಯಿಡೀ ಆಂಟಿಯನ್ನು ನೆನೆದು ಕಣ್ಣು ಕೆಂಪಗಾಗಿದ್ದವಳು ನಾನು. ಬೇಡ, ಇರಲಿ ಎಂದಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ಇನ್ನೊಂದು ಸಲ ಬರಬೇಕಾಗುತ್ತಿತ್ತು. ನನ್ನ ಹಿಂದೆ ಏಳೆಂಟು ಜನ ಕಾಗದಗಳನ್ನು ಹಿಡಿದು ನಿಂತಿದ್ದರು.

“ಅಳಿಸಮ್ಮ,” ಎಂದೆ.

ಹುಡುಗಿ ಡ್ರಾಯರಿನಿಂದ ರಬ್ಬರು ತೆಗೆದು, ಕಾಗದ ಹರಿಯದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಹಗುರವಾಗಿ ಉಜ್ಜಿದಳು. ಮೂರು ಕಂಬಿ ಹೋದವು, ಚೌಕವೂ ಹೋಯಿತು. ಪುಡಿಯನ್ನು ಉಫ್ ಎಂದು ಊದಿ, ಸ್ಕ್ಯಾನ್ ಮಾಡಿ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. “ಕ್ಲೀನ್ ಆತ್ ನೋಡ್ರಿ ಮೇಡಂ.”

ಮನೆಗೆ ಬಂದು ಕೊಳವೆಯನ್ನು ಮತ್ತೆ ಅಟ್ಟಕ್ಕೆ ಸೇರಿಸಲು ಸ್ಟೋರ್ ರೂಮಿನ ಬಾಗಿಲು ತೆಗೆದೆ. ಬೆಳಗಿನ ಹತ್ತು ಗಂಟೆ, ಹೊರಗೆ ಒಳ್ಳೆಯ ಬಿಸಿಲು. ಆಂಟಿ ಕಿಟಕಿಯ ಕೆಳಗೆ ಕೂತು ಕೆಲಸ ಮಾಡುತ್ತಿದ್ದ ಹೊತ್ತು. ಒಳಗೆ ಕಾಲಿಟ್ಟರೆ ನನ್ನ ಕೈ ನನಗೇ ಕಾಣಲಿಲ್ಲ. ಗೋಡೆ ತಡಕಿ ಲೈಟು ಹಾಕಿದೆ.